ಏಪ್ರಿಲ್ 1ರಿಂದ ಮುಚ್ಚಳ ತೆಗೆದು ಅರ್ಧ ಗಂಟೆ ಕಾಯುತ್ತೇವೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಬಳ್ಳಾರಿಯ ಕೌಲ್ ಬಜಾರ್‌ನಿಂದ ಗಾಂಧಿನಗರದ ತನಕ ನಿಮ್ಮ ಮನೆ, ಹೋಟೆಲ್, ಹಾಸ್ಟೆಲ್‌ಗಳ ಶೌಚಾಲಯದ ಪಿಟ್ ಗುಂಡಿ ಖಾಲಿ ಮಾಡುತ್ತಾ ಬಂದಿದ್ದೇವೆ. ಇಷ್ಟು ದಿನ ಗಾಡಿ ಬಂದ ಹತ್ತು ನಿಮಿಷಕ್ಕೆ ಪೈಪ್ ಇಳಿಸುತ್ತಿದ್ದೆವು. ಏಪ್ರಿಲ್ 1ರಿಂದ ಹಾಗಿಲ್ಲ. ಮುಚ್ಚಳ ತೆಗೆದು ಅರ್ಧ ಗಂಟೆ ಬಿಡುತ್ತೇವೆ. ಗುಂಡಿಯ ವಿಷ ಗ್ಯಾಸ್ ಅಳೆದು ಕೂಗುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟು ನೋಡುತ್ತೇವೆ. ಮೀಟರ್ ಸುಮ್ಮನಿದ್ದರೆ ಮಾತ್ರ ಮಷಿನ್ ಚಾಲೂ. ಲೋಡಿಗೆ 150 ರೂಪಾಯಿ ಜಾಸ್ತಿಯಾಗುತ್ತದೆ.

ಕಾರಣ ಹೇಳದೆ ರೇಟ್ ಏರಿಸಿದರೆ ಬೈಯುತ್ತೀರಿ, ಬೈಯಬೇಕು ಕೂಡ. ಅದಕ್ಕೇ ಈ ಪತ್ರ.

ಹೋದ ಮೇ ತಿಂಗಳು, ಸುಡು ಮಧ್ಯಾಹ್ನ. ಐದಾರು ವರ್ಷ ಯಾರೂ ಮುಟ್ಟದ ಗುಂಡಿ. ಕಡಪ ಕಲ್ಲು ಸರಿಸಿದ್ದೇ ತಡ, ಕೊಳೆತ ಮೊಟ್ಟೆಯ ನಾತ ಓಣಿಗೆಲ್ಲ ಹಬ್ಬಿತು. ನಮ್ಮ ಹುಡುಗ ಪೈಪ್ ಹಿಡಿದು ಬಗ್ಗಿ ನಿಂತ. ಸ್ವಲ್ಪ ಹೊತ್ತಿಗೆ ಅವನೇ ಅಂದ, ‘ಅಣ್ಣಾ, ನಾತ ಹೋತು ನೋಡು.’ ದೂರ ನಿಂತ ನಮಗೆ ಇನ್ನೂ ಹೊಡೆಯುತ್ತಿತ್ತು! ಅವನ ಕಾಲು ಕುಸಿಯುವಷ್ಟರಲ್ಲಿ ಡ್ರೈವರ್ ಅಂಗಿ ಹಿಡಿದು ಹಿಂದಕ್ಕೆ ಎಳೆದ. ಹುಡುಗ ಉಳಿದ. ತಪ್ಪು ನಮ್ಮದೇ, ಅವನ ಕೈಗೆ ಮೀಟರ್ ಕೊಟ್ಟಿರಲಿಲ್ಲ.

ನಾತ ಎಲ್ಲೂ ಹೋಗಿರಲಿಲ್ಲ, ಅವನ ಮೂಗೇ ಕೆಲಸ ನಿಲ್ಲಿಸಿತ್ತು. ಆ ಗ್ಯಾಸಿನ ಹೆಸರು ಹೈಡ್ರೋಜನ್ ಸಲ್ಫೈಡ್. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. 100 ಪಾಲು ಮುಟ್ಟಿದರೆ ಕೆಲವೇ ನಿಮಿಷಕ್ಕೆ ವಾಸನೆ ತಿಳಿಯುವುದೇ ನಿಲ್ಲುತ್ತದೆ. 500 ದಾಟಿದರೆ ಆಳು ಅಲ್ಲೇ ಬೀಳಬಹುದು. ಗಾಳಿಗಿಂತ ಭಾರವಾದ್ದರಿಂದ ಕೆಳಗೇ ಕೂತಿರುತ್ತದೆ. ನಮ್ಮ ಮೀಟರ್ 10ಕ್ಕೇ ಕೂಗುತ್ತದೆ.

ಗಾಳಿ ಇಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟ್‌ನಿಂದ ಈ ಗ್ಯಾಸ್ ಮಾಡುತ್ತವೆ. ಬಿಸಿ ಏರಿದಷ್ಟು ಅವುಗಳ ಕೆಲಸ ಜೋರು. ನಮ್ಮೂರ ಬಿಸಿಲು ನಿಮಗೆ ಹೇಳಬೇಕಾ? ಕೆಸರು ಕಲಕಿದಾಗಲಂತೂ ಅಲ್ಲಾಡಿಸಿದ ಸೋಡಾ ಬಾಟಲಿ ತೆಗೆದ ಹಾಗೆ ಒಮ್ಮೆಲೇ ನುಗ್ಗುತ್ತದೆ. ಅದಕ್ಕೇ ಕೆಲಸ ಮುಗಿಯುವ ತನಕ ಮೀಟರ್ ಒಳಗೇ ಇರುತ್ತದೆ. ಕೂಗಿದರೆ ಮಷಿನ್ ಬಂದ್. ಮೀಥೇನ್ ಕೂಡ ಇರುತ್ತದೆ, ಗಾಳಿಯಲ್ಲಿ ಶೇ 5 ಆದರೆ ಕಿಡಿ ಸಾಕು. ದಯವಿಟ್ಟು ಹತ್ತಿರ ನಿಂತು ಬೀಡಿ ಹಚ್ಚಬೇಡಿ.

ಇನ್ನೊಂದು. ಗಾಡಿ ಬರುವ ಮುಂಚೆ ನಾತ ಹೋಗಲಿ ಅಂತ ಕೆಲವರು ಆಸಿಡ್ ಸುರಿದಿರುತ್ತಾರೆ. ನಮ್ಮ ಮೇಲಿನ ಮರ್ಯಾದೆಗೇ ಮಾಡುತ್ತೀರಿ, ಗೊತ್ತು. ಆದರೆ ನೀರಿನಲ್ಲಿ ಕರಗಿ ಕೂತದ್ದನ್ನು ಆಸಿಡ್ ಗ್ಯಾಸ್ ಮಾಡಿ ಮೇಲಕ್ಕೆ ಕಳಿಸುತ್ತದೆ. ಸುರಿದಿದ್ದರೆ ಫೋನಿನಲ್ಲೇ ಹೇಳಿಬಿಡಿ, ಇನ್ನೊಂದು ದಿನ ಬರುತ್ತೇವೆ.

ಈ ಗ್ಯಾಸ್ ತಡೆಯಲು ದೊಡ್ಡ ಊರುಗಳ ಒಳಚರಂಡಿಗೆ ಕಬ್ಬಿಣದ ಲವಣ, ಕ್ಯಾಲ್ಸಿಯಂ ನೈಟ್ರೇಟ್ ಹಾಕುವುದುಂಟು. ಮನೆ ಗುಂಡಿಗೆ ಅದೆಲ್ಲ ಬೇಡ. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಿ. ಗುಂಡಿಯ ಗ್ಯಾಸ್ ಹೊರಗೆ ಬಿಡುವ ಪೈಪ್ ಮಾಳಿಗೆಗಿಂತ ಮೇಲಿರಲಿ. ಪಕ್ಕದ ಮನೆಯವರ ಜಗಳಕ್ಕೆ ಹೆದರಿ ಅದರ ಬಾಯಿ ಮುಚ್ಚಿದವರು ನಮ್ಮಲ್ಲಿ ಬಹಳ. ಪೈಪನ್ನು ಎತ್ತರಿಸಿ, ಮುಚ್ಚಬೇಡಿ. ಒಳಗೇ ಉಳಿದ ಗ್ಯಾಸ್ ಒದ್ದೆ ಕಾಂಕ್ರೀಟಿನ ಮೇಲೆ ಸಲ್ಫ್ಯೂರಿಕ್ ಆಸಿಡ್ ಆಗಿ ನಿಮ್ಮ ಸ್ಲ್ಯಾಬನ್ನೇ ತಿನ್ನುತ್ತದೆ. ಕಬ್ಬಿಣ ಕಾಣುತ್ತಿದ್ದರೆ ಫೋಟೋ ತೆಗೆದು ತೋರಿಸುತ್ತೇವೆ.

‘ಒಬ್ಬನ್ನ ಇಳಸ್ರಿ, 500 ಜಾಸ್ತಿ ಕೊಡ್ತೀನಿ’ ಅನ್ನುವವರು ಈಗಲೂ ಇದ್ದಾರೆ. ಇಳಿಸುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಆಳನ್ನು ಇಳಿಸುವುದು ಅಪರಾಧ. ಅದಕ್ಕಿಂತ ಮೊದಲು, ಇಳಿದವನಿಗೆ ಏನಾದರೂ ಆದರೆ ಅವನ ತಾಯಿ ಮುಂದೆ ನಾವು ನಿಲ್ಲಬೇಕು.

ಬೇಸಿಗೆ ಮುಗಿಯುವ ತನಕ ಬೆಳಿಗ್ಗೆ 6ರಿಂದ 10ರೊಳಗೆ ಮಾತ್ರ ಬರುತ್ತೇವೆ. ಫೋನ್ ಮಾಡುವಾಗ ಕೊನೆಗೆ ಯಾವಾಗ ತೆಗೆಸಿದ್ದು, ಮುಚ್ಚಳ ಎಲ್ಲಿದೆ ಹೇಳಿ. ಅದರ ಮೇಲೆ ಟೈಲ್ಸ್ ಹಾಕಿಸಿದ್ದರೆ ಅದನ್ನೂ ಹೇಳಿ, ಉಳಿ ಸುತ್ತಿಗೆ ತರುತ್ತೇವೆ.

ಇಂತಿ,
ಕಾರ್ಯದರ್ಶಿ, ನಿಮ್ಮ ಟ್ಯಾಂಕರ್ ಸಹಕಾರ ಸಂಘ, ಬಳ್ಳಾರಿ