ಫಾರ್ಮ್ಯಾಟ್‌ಗೆ ಆತುರ ಬೇಡ

ಮಾನ್ಯರೇ,

ಕರೆಂಟ್ ಹೋಗಿ ಬಂದ ಮೇಲೆ ವಿಂಡೋಸ್ ತೆರೆದುಕೊಳ್ಳದಿದ್ದರೆ ಎಷ್ಟೋ ರಿಪೇರಿ ಅಂಗಡಿಗಳಲ್ಲಿ ಮೊದಲ ಮಾತೇ ‘ಫಾರ್ಮ್ಯಾಟ್ ಮಾಡಿಬಿಡೋಣ’. ಅದರಿಂದ ಡಿಸ್ಕ್‌ನಲ್ಲಿರುವ ಫೈಲುಗಳು ಅಳಿಸಿಹೋಗುತ್ತವೆ, ದಯವಿಟ್ಟು ಒಪ್ಪಬೇಡಿ. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ವಿಂಡೋಸ್‌ಗೂ ಮೊದಲು ಓಡುವ ಮೂಲ ತಂತ್ರಾಂಶ) ಹಾರ್ಡ್‌ಡಿಸ್ಕ್ ಹೆಸರು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಪ್ಲಗ್ ಕಿತ್ತು, ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನ ಎರಡೂ ತುದಿ ಬಿಚ್ಚಿ ಬಿಗಿಯಾಗಿ ಕೂರಿಸಿ. ಗಡಿಯಾರವೂ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ ಮುಗಿದಿರಬಹುದು. ಅದರಿಂದ ಬಯೋಸ್ ಸೆಟ್ಟಿಂಗ್ ಅಳಿಸಿಹೋದರೂ ವಿಂಡೋಸ್ ತೆರೆದುಕೊಳ್ಳದಿರುವುದುಂಟು.

ಡಿಸ್ಕ್‌ನಿಂದ ‘ಟಕ್ ಟಕ್’ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಮಾಹಿತಿ ಓದುವ ಒಳಗಿನ ಹೆಡ್ ತಟ್ಟೆಯನ್ನು ಗೀರುತ್ತಿರಬಹುದು. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಹಾನಿ ಹೆಚ್ಚು. ಸದ್ದಿಲ್ಲದಿದ್ದರೆ ವಿಂಡೋಸ್ ಬದಲು ಪೆನ್‌ಡ್ರೈವ್‌ನಲ್ಲಿರುವ ಲಿನಕ್ಸ್‌ನಿಂದ ಕಂಪ್ಯೂಟರ್ ಶುರು ಮಾಡಿ ಫೋಟೊ, ದಾಖಲೆಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಡಿಸ್ಕ್‌ನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುವುದು ಆಮೇಲೆ. ಕೆಡುತ್ತಿರುವ ಡಿಸ್ಕ್ ಮೇಲೆ ಅದನ್ನೇ ಮೊದಲು ಓಡಿಸಿದರೆ ಉಳಿದ ಫೈಲುಗಳೂ ಕೈತಪ್ಪಬಹುದು.

– ಹಾರ್ಡ್‌ವೇರ್ ತಂತ್ರಜ್ಞ, ಹಾಸನ