ತಿಂಡಿ ಬಿಡಬೇಡ, ಕೆರೆ ಸುತ್ತು

ಪ್ರೀತಿಯ ಪುಟ್ಟಾ,

ಮಾವನ ಆಶೀರ್ವಾದ. ಹಾಸ್ಟೆಲಿನಲ್ಲಿ ಬೆಳಗಿನ ತಿಂಡಿ ಬಿಟ್ಟಿದ್ದೀಯಂತೆ, ಹೊಟ್ಟೆ ಕರಗಿಸೋಕೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಹೋದ ತಿಂಗಳು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ, ನಂದಿ ಸಿಗೋ ಮೊದಲೇ ನೀನು ಪಕ್ಕೆ ಹಿಡಿದುಕೊಂಡು ಕೂತುಬಿಟ್ಟೆ. "ತೂಕ ಸರಿಯಾಗೇ ಇದೆಯಲ್ಲಾ ಮಾವ, ಯಾಕೆ ಹೀಗೆ?" ಅಂದೆ. ತುಟಿ ಒಣಗಿತ್ತು. ಆವತ್ತು ಸುಮ್ಮನಿದ್ದೆ, ಈಗ ಹೇಳುತ್ತೇನೆ.

ತೂಕದ ಮೆಷಿನ್ನಿಗೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಗೊತ್ತಾಗುವುದಿಲ್ಲ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್ ಇಬ್ಬರೂ ತಮ್ಮ ಮೈಯನ್ನೇ ಅಳೆಸಿಕೊಂಡು 2004ರಲ್ಲಿ ಬರೆದರು. ಇಬ್ಬರ ಬಿಎಂಐಯೂ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕವೂ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಯುಡ್ಕಿನ್ ಮ್ಯಾರಥಾನ್ ಓಡುತ್ತಿದ್ದವರು. ಯಾಜ್ಞಿಕ್ ಓಡುತ್ತಿದ್ದದ್ದು ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚುವುದರೊಳಗೆ ಹತ್ತೋಕೆ ಮಾತ್ರ. ಓಟ ಒಂದೇ ಕಾರಣ ಅಲ್ಲ, ಹುಟ್ಟಿನಿಂದ ಬಂದದ್ದೂ ಇರಬಹುದು. ಕೈಕಾಲು ಸಣ್ಣ, ಹೊಟ್ಟೆ ಮುಂದೆ: ನಮ್ಮ ಭಾರತದವರಲ್ಲಿ ಇದು ಜಾಸ್ತಿ.

ದಮ್ಮಿನ ಲೆಕ್ಕವೂ ಇದಕ್ಕೇ ಸೇರಿದ್ದು. ಜೋರಾಗಿ ಓಡುವಾಗ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸುತ್ತೀಯ ಅಂತ ಅಳೆದು, ಮೈತೂಕದಿಂದ ಭಾಗಿಸುತ್ತಾರೆ. 70 ಕೆಜಿಯವನು 2.8 ಲೀಟರ್ ಬಳಸಿದರೆ ಕೆಜಿಗೆ 40 ಮಿಲಿ. ಅವನಿಗೇ ಹತ್ತು ಕೆಜಿ ಕೊಬ್ಬು ಸೇರಲಿ, ಅದೇ ಹೃದಯ, ಅದೇ ಶ್ವಾಸಕೋಶ, ಆದರೆ ಲೆಕ್ಕ 35ಕ್ಕೆ ಇಳಿಯುತ್ತದೆ. ಓಡುವಾಗ ಆ ಆಮ್ಲಜನಕವನ್ನು ಬಳಸುವುದು ಮಾಂಸಖಂಡ, ಕೊಬ್ಬು ಬರೀ ಹೊರೆ. ಹೊಟ್ಟೆಗಿಲ್ಲದೆ ತೂಕ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ತೂಕದ ಮೆಷಿನ್ನಿನ ಮೇಲೆ ಖುಷಿ, ಮೆಟ್ಟಿಲ ಮೇಲೆ ಮತ್ತೆ ಅದೇ ಏದುಸಿರು.

ಮಾನಸಗಂಗೋತ್ರಿಯ ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ ಇದೆ, ಅಲ್ವಾ? ಬೆಳಿಗ್ಗೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಾಗಿ ನಡೆ. ಮಾತಾಡೋಕಾಗಬೇಕು, ಹಾಡೋಕಾಗಬಾರದು, ಅಷ್ಟು ಬಿರುಸು. ಎರಡು ವಾರ ಕಳೆದ ಮೇಲೆ ನಡುನಡುವೆ ನಿಧಾನವಾಗಿ ಓಡು. ವಾಪಸ್ ಬಂದು ಇಡ್ಲಿಯೋ ಉಪ್ಪಿಟ್ಟೋ ಹೊಟ್ಟೆ ತುಂಬ ತಿನ್ನು, ಮೊಟ್ಟೆ ಇದ್ದರೆ ಅದನ್ನೂ. ನಡೆಯುವಾಗ ಎದೆ ನೋವು, ತಲೆಸುತ್ತು ಬಂದರೆ ಮುಚ್ಚಿಡಬೇಡ, ಡಾಕ್ಟರ ಹತ್ತಿರ ಹೋಗು.

ತೂಕ ದಿನಾ ನೋಡಬೇಡ. ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ ಅಳೆ, ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ನಿನ್ನತ್ತೆಯ ಹೊಲಿಗೆ ಡಬ್ಬಿಯಲ್ಲಿದ್ದ ಟೇಪನ್ನು ಈ ಕವರಿನಲ್ಲೇ ಇಟ್ಟಿದ್ದೇನೆ.

ದೀಪಾವಳಿಗೆ ಬಾ, ಇಬ್ಬರೂ ಬೆಟ್ಟ ಹತ್ತೋಣ.

ನಿನ್ನ ಮಾವ