ಕ್ಯಾಲಸ್ ಚಿಗುರದಿದ್ದರೆ ಹಾರ್ಮೋನಿಗಿಂತ ಮೊದಲು ತಳಿ ನೋಡಿ

ಮಾನ್ಯ ಸಂಪಾದಕರೇ,

ಜೀನ್ ಎಡಿಟಿಂಗ್‌ನಿಂದ ರೂಪಿಸಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಸಾಂಬಾ ಮಸೂರಿಯಿಂದ ಬಂದದ್ದು ಕಮಲಾ, ಎಂಟಿಯು 1010ರಿಂದ ಬಂದದ್ದು ಪೂಸಾ ಡಿಎಸ್‌ಟಿ ರೈಸ್ 1. ಅಂದಿನಿಂದ ಜೀನ್ ಕತ್ತರಿಸುವ ತಂತ್ರದ ಬಗ್ಗೆ ಬೇಕಾದಷ್ಟು ಬರಹಗಳು ಬಂದಿವೆ. ಕತ್ತರಿಸಿದ ಆ ಜೀವಕೋಶದಿಂದ ಇಡೀ ಪೈರನ್ನು ಎಬ್ಬಿಸುವುದು ಹೇಗೆ ಎಂಬ ಮಾತು ಮಾತ್ರ ಬರುತ್ತಿಲ್ಲ. ಏಕದಳ ಧಾನ್ಯಗಳಲ್ಲಿ ಕೆಲಸ ಕಗ್ಗಂಟಾಗುವುದು ಅಲ್ಲೇ.

ಟಿಷ್ಯೂ ಕಲ್ಚರ್ ಎಂದರೆ ನಮ್ಮ ರೈತರಿಗೆ ನೆನಪಾಗುವುದು ಬಾಳೆ ಸಸಿ. ಬಾಳೆಯ ಕಂದಿನಲ್ಲಿ ಬೆಳೆಯುವ ತುದಿ ಮೊದಲೇ ಇರುತ್ತದೆ, ಅದನ್ನೇ ಹೆಚ್ಚಿಸುತ್ತಾರೆ. ಭತ್ತ, ಗೋಧಿ, ಜೋಳದ ಬಲಿತ ಎಲೆಯನ್ನು ತಂದಿಟ್ಟರೆ ಸಾಮಾನ್ಯವಾಗಿ ಏನೂ ಹುಟ್ಟದು. ಹೆಚ್ಚಾಗಿ ಕಾಳಿನೊಳಗಿನ ಭ್ರೂಣದಿಂದ ಶುರುಮಾಡಿ, ಮೊದಲು ಕ್ಯಾಲಸ್ (ಬೇರು, ಎಲೆ ಎಂದು ಇನ್ನೂ ರೂಪುಗೊಳ್ಳದ ಕೋಶಗಳ ಮುದ್ದೆ) ಬೆಳೆಸಿ, ಅದರಿಂದ ಸಸಿ ಚಿಗುರಿಸಬೇಕು.

ಭತ್ತದ ಕ್ರಮ ಹೀಗೆ: ಹೊಟ್ಟು ಸುಲಿದ, ಒಡೆಯದ ಕಾಳನ್ನು ಶೇ 70ರ ಎಥನಾಲ್‌ನಲ್ಲಿ 1 ನಿಮಿಷ, ಬಳಿಕ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ 20 ನಿಮಿಷ ಅಲುಗಾಡಿಸಿ, ಕ್ರಿಮಿರಹಿತ ನೀರಿನಲ್ಲಿ ನಾಲ್ಕೈದು ಸಲ ತೊಳೆಯಬೇಕು. ಲೀಟರ್ ಎಂಎಸ್ ಎಂಬ ಪೋಷಕ ಮಾಧ್ಯಮಕ್ಕೆ 30 ಗ್ರಾಂ ಸುಕ್ರೋಸ್, 2 ಮಿಲಿಗ್ರಾಂ 2,4-ಡಿ, ಪಿಎಚ್ 5.8. ಕತ್ತಲಲ್ಲಿ, 25ರಿಂದ 27 ಡಿಗ್ರಿ ಶಾಖದಲ್ಲಿ ಮೂರು-ನಾಲ್ಕು ವಾರ. ಹೊಲದಲ್ಲಿ ಅಗಲ ಎಲೆಯ ಕಳೆ ಸುಡಲು ಹೊಡೆಯುವ ಅದೇ 2,4-ಡಿ ಇಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನಿನಂತೆ ವರ್ತಿಸಿ ಕೋಶಗಳಿಗೆ ತಮ್ಮ ಹಳೆಯ ಗುರುತು ಮರೆಸುತ್ತದೆ. ಪ್ರಮಾಣ ಕಡಿಮೆಯಾದರೆ ಕಾಳು ಮೊಳೆತು ಬೇರು ಬಿಡುತ್ತದೆ. ಹೆಚ್ಚಾದರೆ, ಇಲ್ಲವೇ ತಿಂಗಳುಗಟ್ಟಲೆ ಅದರಲ್ಲೇ ಬಿಟ್ಟರೆ, ಕ್ಯಾಲಸ್ ಉಬ್ಬುತ್ತದೆಯೇ ಹೊರತು ಚಿಗುರುವ ಶಕ್ತಿ ಕಳೆದುಕೊಳ್ಳುತ್ತದೆ, ಕ್ರೋಮೋಸೋಮುಗಳೂ ಏರುಪೇರಾಗುತ್ತವೆ.

ಕ್ಯಾಲಸ್ ಆಯ್ಕೆಯಲ್ಲಿ ಕಣ್ಣೇ ಪ್ರಧಾನ. ರವೆಯ ಹಾಗೆ ಕಾಳುಕಾಳಾಗಿ, ತಿಳಿ ಹಳದಿಯಾಗಿ, ಚಿಮಟಿ ತಾಗಿಸಿದರೆ ಉಂಡೆಯುಂಡೆಯಾಗಿ ಬಿಡಿಸಿಕೊಳ್ಳುವುದನ್ನು ಇಟ್ಟುಕೊಳ್ಳಬೇಕು. ಗಂಜಿಯ ಹಾಗೆ ನೀರಾಗಿ ಚಿಮಟಿಗೆ ಅಂಟುವುದು ಎಷ್ಟೇ ದೊಡ್ಡದಿರಲಿ, ಎಸೆಯಬೇಕು. ಚಿಗುರಿಸುವಾಗ 2,4-ಡಿ ಪೂರ್ತಿ ಬಿಟ್ಟು, ಲೀಟರಿಗೆ 2–3 ಮಿಲಿಗ್ರಾಂ ಬಿಎಪಿ (ಚಿಗುರೊಡೆಸುವ ಹಾರ್ಮೋನ್), 0.5 ಮಿಲಿಗ್ರಾಂ ಎನ್ಎಎ (ಇನ್ನೊಂದು ಆಕ್ಸಿನ್) ಕೊಟ್ಟು ಬೆಳಕಿಗಿಡುತ್ತಾರೆ. ಅದಕ್ಕೂ ಮುನ್ನ ಒಂದೆರಡು ದಿನ ಬರೀ ಫಿಲ್ಟರ್ ಕಾಗದದ ಮೇಲೆ ಕ್ಯಾಲಸಿನ ತೇವ ಆರಲು ಬಿಟ್ಟರೆ ಚಿಗುರು ಹೆಚ್ಚು.

ಇಷ್ಟೆಲ್ಲ ಸರಿಯಿದ್ದೂ ಒಂದು ತಳಿ ಹಸಿರಾಗುತ್ತದೆ, ಪಕ್ಕದ್ದು ಕಂದು ಬಣ್ಣಕ್ಕೆ ತಿರುಗಿ ಕೂರುತ್ತದೆ. ಕಾರಣ ವಂಶವಾಹಿಯಲ್ಲಿದೆ. ಜಪಾನಿನ ಮನೆಮಾತಾದ ಕೊಶಿಹಿಕಾರಿ ಚಿಗುರುವುದರಲ್ಲಿ ಹಿಂದೆ. ಕಸಲಾಥ್ ಎಂಬ ಇಂಡಿಕಾ ತಳಿ ಮುಂದೆ. ಇವೆರಡರ ಸಂಕರದಿಂದ ಜಪಾನಿ ವಿಜ್ಞಾನಿಗಳು 2005ರಲ್ಲಿ ಕಂಡುಕೊಂಡ ಜೀನ್ ಯಾವುದೋ ಹಾರ್ಮೋನಿನದಲ್ಲ, ನೈಟ್ರೈಟ್ ರಿಡಕ್ಟೇಸ್ ಕಿಣ್ವದ್ದು. ಮಾಧ್ಯಮದ ನೈಟ್ರೇಟ್ ಕೋಶದೊಳಗೆ ನೈಟ್ರೈಟ್ ಆಗಿ ಆಮೇಲೆ ಅಮೋನಿಯಂ ಆಗಬೇಕು. ಕೊಶಿಹಿಕಾರಿಯಲ್ಲಿ ಈ ಕಿಣ್ವ ಸಾಲದೆ, ವಿಷವಾದ ನೈಟ್ರೈಟ್ ಕ್ಯಾಲಸಿನಲ್ಲೇ ಉಳಿಯುತ್ತದೆ. ಅಲ್ಲಿ ಬಿಎಪಿ ಏರಿಸಿ ಏನು ಬಂತು?

ಮೆಕ್ಕೆಜೋಳದಲ್ಲಿ ಎ188 ತಳಿಯನ್ನು ಚಿಗುರಿಸುವುದು ಸುಲಭ, ಬಿ73 ಕಷ್ಟ. ಬಾರ್ಲಿಯಲ್ಲಿ ಎಲ್ಲರೂ ಗೋಲ್ಡನ್ ಪ್ರಾಮಿಸ್‌ಗೇ ಜೋತುಬೀಳುತ್ತಾರೆ, ಗೋಧಿಯಲ್ಲಿ ಫೀಲ್ಡರ್‌ಗೆ. ಜಿಆರ್‌ಎಫ್4–ಜಿಐಎಫ್1 ಜೋಡಿ ಜೀನುಗಳು ಗೋಧಿಯ ಚಿಗುರನ್ನು ಬಹಳವಾಗಿ ಹೆಚ್ಚಿಸಿದ್ದು 2020ರಲ್ಲಿ ವರದಿಯಾದ ಮೇಲೆ ಕಟ್ಟು ಸ್ವಲ್ಪ ಸಡಿಲವಾಗಿದೆ. ಬಿಳಿಜೋಳದ ಪಾಡು ಬೇರೆ: ಫೀನಾಲುಗಳು ಒಸರಿ ಮಾಧ್ಯಮವೇ ಕಪ್ಪಾಗುತ್ತದೆ. ಫೀನಾಲು ಹೀರಿಕೊಳ್ಳುವ ಪಿವಿಪಿ ಎಂಬ ಪಾಲಿಮರ್ ಬೆರೆಸಿ, ಹತ್ತು-ಹದಿನಾಲ್ಕು ದಿನಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ದಾಟಿಸಬೇಕು.

ಹೀಗಿರುವಾಗ ಯಾವ ತಳಿ ಸುಧಾರಿಸಬೇಕೆಂಬುದನ್ನು ರೈತರ ಹೊಲವಲ್ಲ, ಪೆಟ್ರಿ ತಟ್ಟೆ ನಿರ್ಧರಿಸುವ ಅಪಾಯವಿದೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಎಂ 35-1 ಜೋಳ, ಜಿಪಿಯು 28 ರಾಗಿಯಂಥ ನೆಲದ ತಳಿಗಳನ್ನು ಕನಿಷ್ಠ ಮೂರು ಪ್ರಮಾಣದ 2,4-ಡಿಯಲ್ಲಿ ಪರೀಕ್ಷಿಸಿ, ಸೋತ ಫಲಿತಾಂಶವನ್ನೂ ಪ್ರಕಟಿಸಲಿ. ಕ್ಯಾಲಸ್ ಬಂದ ಪ್ರಮಾಣ, ಹಸಿರು ಸಸಿ ಬಂದ ಪ್ರಮಾಣ, ಬಿಳಿಚಿದ ಸಸಿಗಳ ಲೆಕ್ಕ ಬೇರೆ ಬೇರೆ ಕಾಲಂಗಳಲ್ಲಿರಲಿ. ಕ್ಯಾಲಸ್ ಧಾರಾಳವಾಗಿ ಕೊಡುವ ಎಷ್ಟೋ ತಳಿಗಳು ಒಂದು ಸಸಿಯನ್ನೂ ಕೊಡುವುದಿಲ್ಲ.

– ಸಸ್ಯ ಜೈವಿಕ ತಂತ್ರಜ್ಞಾನದ ಅಧ್ಯಾಪಕರು, ಧಾರವಾಡ